ಮುಳ್ಳಿನ ಹಿಂದಿನ ತಂತಿ

ಹಳೆಯ ದೋಣಿಗೆ ಹೊಸ ಡ್ಯಾಶ್‌ಬೋರ್ಡ್ ಹಾಕುವುದು ಎರಡು ದಿನದ ಕೆಲಸ ಎಂದು ಸ್ಕ್ರೂಡ್ರೈವರ್ ಹಿಡಿದವರು ಚಳಿಗಾಲ ಪೂರ್ತಿ ಅದರ ಹಿಂದೆಯೇ ಕಳೆಯುತ್ತಾರೆ. ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ ವರ್ಷವರ್ಷವೂ ನಡೆಯುವ ಈ ಕೈಕೆಲಸದಲ್ಲಿ ಮುನ್ನೂರು ವರ್ಷ ಹಳೆಯ ಭೌತವಿಜ್ಞಾನವೂ ಇದೆ, ಒಂದು ಸಡಿಲ ನಟ್ಟಿನ ಕಥೆಯೂ ಇದೆ.

ಫೆಬ್ರುವರಿಯಲ್ಲಿ ಮಿಶಿಗನ್ನಿನ ಕೆರೆಗಳ ಮೇಲೆ ದೋಣಿ ತೇಲುವುದಿಲ್ಲ, ಮನುಷ್ಯರು ನಡೆಯುತ್ತಾರೆ. 11,000ಕ್ಕೂ ಹೆಚ್ಚು ಕೆರೆಗಳಿರುವ ಈ ರಾಜ್ಯದಲ್ಲಿ ಆಗ ನೀರು ಕಲ್ಲಾಗಿರುತ್ತದೆ. ಬೇಸಿಗೆಯಲ್ಲಿ ಅಲೆ ಎಬ್ಬಿಸಿಕೊಂಡು ಓಡಾಡಿದ ದೋಣಿಗಳು ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಸುತ್ತಿಕೊಂಡು ಹಿತ್ತಿಲಲ್ಲೋ ಶೆಡ್ಡಿನಲ್ಲೋ ಟ್ರೈಲರ್ ಮೇಲೆ ಮಲಗಿರುತ್ತವೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ, ಮಲ್ಪೆ ಮಂಗಳೂರಿನ ದಕ್ಕೆಗಳಲ್ಲಿ ಬೋಟುಗಳು ರಿಪೇರಿಗೆ ನಿಲ್ಲುವಂತೆ ಅಲ್ಲಿ ಹಿಮದ ತಿಂಗಳುಗಳೇ ರಿಪೇರಿಯ ತಿಂಗಳುಗಳು.

ಹೀಟರ್ ಹಚ್ಚಿಟ್ಟ ಗ್ಯಾರೇಜಿನಲ್ಲಿ 1980ರ ದಶಕದ ಹದಿನೆಂಟು ಅಡಿಯ ಫೈಬರ್‌ಗ್ಲಾಸ್ ದೋಣಿಯೊಂದರ ಚುಕ್ಕಾಣಿಯ ಮುಂದೆ ಕುಳಿತರೆ ಕಾಣುವ ನೋಟ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಗೇಜುಗಳ ಮುಖ ಹಳದಿಗಟ್ಟಿದೆ, ಒಳಗೆ ಹಬೆ ಕೂತಿದೆ. ಟ್ಯಾಂಕು ತುಂಬಿರಲಿ, ಬರಿದಾಗಿರಲಿ, ಇಂಧನದ ಮುಳ್ಳು ಅರ್ಧಕ್ಕೆ ನಿಂತಿದೆ. ಟ್ರೈಲರ್ ಮೇಲೆ ಮಿಸುಕದೆ ನಿಂತ ದೋಣಿಯ ವೇಗ ಗಂಟೆಗೆ 10 ಮೈಲಿ ಎನ್ನುತ್ತದೆ ಇನ್ನೊಂದು ಮುಳ್ಳು. ಎಂಜಿನ್ನಿನ ಸುತ್ತು ಎಣಿಸುವ ಟ್ಯಾಕೋಮೀಟರ್ ಮೇಲೆ ಎರಡು ಗುದ್ದು ಬಿದ್ದರೆ ಮಾತ್ರ ಎಚ್ಚರಗೊಳ್ಳುತ್ತದೆ. ಪ್ಲೈವುಡ್ಡಿಗೆ ಅಂಟಿಸಿದ ಮರದ ಬಣ್ಣದ ವಿನೈಲ್ ಹಾಳೆ ಮೂಲೆಗಳಲ್ಲಿ ಎದ್ದು ಸುರುಳಿಯಾಗಿದೆ.

ಮಾಲೀಕನ ಲೆಕ್ಕ ಸರಳ. ಆರು ಗೇಜು, ಒಂದು ಹೊಸ ಫಲಕ, ಒಂದು ಹಿಡಿ ಸ್ಕ್ರೂ. ಶನಿವಾರ ಬಿಚ್ಚಿ ಭಾನುವಾರ ಕೂರಿಸಿದರೆ ಮುಗಿಯಿತು. ಹತ್ತು ಸ್ಕ್ರೂ ಬಿಚ್ಚಿ ಫಲಕವನ್ನು ಮುಂದಕ್ಕೆ ಎಳೆದಾಗ ಅದರ ಬೆನ್ನಿಗೆ ಅಂಟಿಕೊಂಡು ಹೊರಬರುವ ತಂತಿಯ ಗಂಟು ಆ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ.

ಒಡಲು ಗಟ್ಟಿ, ಕಣ್ಣು ಮಂಜು

ಇಂಥ ದೋಣಿಗಳು ಇಷ್ಟೊಂದು ಉಳಿದಿರುವುದಕ್ಕೆ ಕಾರಣ ಅವುಗಳ ಒಡಲು. ಮಿಶಿಗನ್ನಿನ ಪಕ್ಕದ ಒಹಾಯೊ ರಾಜ್ಯದ ಟೊಲಿಡೊ ಊರಿನಲ್ಲಿ ರೇ ಗ್ರೀನ್ 1942ರಲ್ಲಿ ಗಾಜಿನ ನಾರನ್ನು ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ ದೋಣಿ ಎರಕ ಹೊಯ್ದ. ಯುದ್ಧ ಮುಗಿದ ಮೇಲೆ ಆ ವಿದ್ಯೆ ಕಾರ್ಖಾನೆಗಳಿಗೆ ಹೋಯಿತು. 1960ರ ದಶಕದ ಹೊತ್ತಿಗೆ ಮರದ ದೋಣಿ ಕಟ್ಟುವವರು ಮೂಲೆಗೆ ಸರಿಯತೊಡಗಿದ್ದರು. ಫೈಬರ್‌ಗ್ಲಾಸಿಗೆ ಹುಳ ಹಿಡಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅದರೊಳಗೆ ಬಲಕ್ಕಾಗಿ ಸೇರಿಸಿದ ಪ್ಲೈವುಡ್ ನೀರು ಕುಡಿದು ಕೊಳೆಯಬಹುದು; ಹೊರಗಿನ ಚಿಪ್ಪು ಮಾತ್ರ ಕಟ್ಟಿದವನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅಮೆರಿಕದಲ್ಲಿ ನೋಂದಣಿಯಾದ ವಿಹಾರದ ದೋಣಿಗಳು 1.1 ಕೋಟಿಗೂ ಹೆಚ್ಚು. ಅವುಗಳಲ್ಲಿ ಮೊಮ್ಮಕ್ಕಳ ಕಾಲಕ್ಕೆ ಬಂದವು ಬೇಕಾದಷ್ಟಿವೆ.

ಒಡಲಿಗೆ ಇರುವ ಆಯಸ್ಸು ಗೇಜುಗಳಿಗಿಲ್ಲ. ಕಾರಿನ ಮೀಟರುಗಳಿಗೆ ತಲೆಯ ಮೇಲೆ ಸೂರಿದೆ, ಮುಂದೆ ಗಾಜಿದೆ. ದೋಣಿಯ ಗೇಜು ಆಕಾಶಕ್ಕೆ ಮುಖ ಮಾಡಿ ಕೂತಿರುತ್ತದೆ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್ ಮುಖವನ್ನು ಕೆಡಿಸುತ್ತದೆ. ಹಗಲು ಕಾದು ಇರುಳು ತಣಿಯುವಾಗ ಡಬ್ಬಿಯೊಳಗಿನ ಗಾಳಿ ಹಿಗ್ಗಿ ಕುಗ್ಗಿ, ಹೊರಗಿನ ತೇವವನ್ನು ಸಂದಿಯಿಂದ ಎಳೆದುಕೊಳ್ಳುತ್ತದೆ. ಅಲೆಯಿಂದ ಅಲೆಗೆ ನೆಗೆದು ಬೀಳುವ ದೋಣಿಯ ಪೆಟ್ಟು ಪ್ರತಿ ನಟ್ಟಿಗೂ ತಾಗುತ್ತದೆ. ಸಮುದ್ರದ ದೋಣಿಯಾದರೆ ಇಷ್ಟರ ಮೇಲೆ ಉಪ್ಪು ಬೇರೆ. ಇಪ್ಪತ್ತು ವರ್ಷ ದುಡಿದ ಗೇಜು ಸುಳ್ಳು ಹೇಳುತ್ತಿದೆ ಎಂದರೆ ಅಚ್ಚರಿಯಿಲ್ಲ. ಆದರೆ ಸುಳ್ಳು ಹೇಳುತ್ತಿರುವುದು ಗೇಜೇ ಎಂದು ಮೊದಲೇ ತೀರ್ಮಾನಿಸಿದವರು ಮೋಸ ಹೋಗುತ್ತಾರೆ.

ಸೀನ್ ನದಿಯ ಕೊಳವೆ

ನಿಂತ ದೋಣಿ 10 ಮೈಲಿ ವೇಗ ತೋರಿಸುವ ಆ ಸ್ಪೀಡೋಮೀಟರನ್ನೇ ನೋಡಿ. ಅದರ ಹಿಂದೆ ತಂತಿಯೇ ಇಲ್ಲ, ದೀಪದ್ದೊಂದನ್ನು ಬಿಟ್ಟರೆ. ಇರುವುದು ಪೆನ್ನಿನ ರೀಫಿಲ್ಲಿಗಿಂತ ತುಸು ದಪ್ಪನೆಯ ಒಂದು ಪ್ಲಾಸ್ಟಿಕ್ ಕೊಳವೆ. ಅದು ದೋಣಿಯ ಉದ್ದಕ್ಕೂ ಹಿಂದಕ್ಕೆ ಹರಿದು, ಹಿಂಬದಿಯ ಹಲಗೆಗೆ ಸಿಕ್ಕಿಸಿದ ಕೊಕ್ಕಿನಂಥ ಭಾಗಕ್ಕೋ ಎಂಜಿನ್ನಿನ ಕೆಳತುದಿಯ ಸಣ್ಣ ರಂಧ್ರಕ್ಕೋ ಸೇರುತ್ತದೆ. ದೋಣಿ ಮುಂದೆ ಹೋದಂತೆ ನೀರು ಆ ರಂಧ್ರಕ್ಕೆ ಗುದ್ದುತ್ತದೆ, ಕೊಳವೆಯಲ್ಲಿ ಸಿಕ್ಕ ಗಾಳಿ ಒತ್ತಿಕೊಳ್ಳುತ್ತದೆ, ಆ ಒತ್ತಡ ಡ್ಯಾಶ್‌ಬೋರ್ಡಿನ ಮುಳ್ಳನ್ನು ತಿರುಗಿಸುತ್ತದೆ.

ಈ ಉಪಾಯ ಫ್ರಾನ್ಸಿನ ಆನ್ರಿ ಪಿಟೋನದು. 1732ರಲ್ಲಿ ಆತ ಬಾಗಿಸಿದ ಗಾಜಿನ ಕೊಳವೆಯೊಂದನ್ನು ಪ್ಯಾರಿಸಿನ ಸೀನ್ ನದಿಗಿಳಿಸಿ, ಕೊಳವೆಯಲ್ಲಿ ನೀರು ಎಷ್ಟು ಮೇಲೇರಿತು ಎಂಬುದರಿಂದ ಹರಿವಿನ ವೇಗ ಕಂಡುಹಿಡಿದ. ಆಳಕ್ಕೆ ಹೋದಷ್ಟೂ ನದಿ ಜೋರಾಗಿ ಹರಿಯುತ್ತದೆ ಎಂಬ ಆಗಿನ ನಂಬಿಕೆ ಅದರಿಂದ ಬಿದ್ದುಹೋಯಿತು. ಇವತ್ತಿಗೂ ವಿಮಾನಗಳ ಮೂತಿಯ ಬಳಿ ಚಾಚಿಕೊಂಡಿರುವುದು ಅದೇ ಪಿಟೋ ಕೊಳವೆ. ಗೇಜಿನ ಒಳಗಿರುವುದು ಇನ್ನೊಬ್ಬ ಫ್ರೆಂಚನ ಕೈಚಳಕ. ಯೂಜೀನ್ ಬೂರ್ಡನ್ 1849ರಲ್ಲಿ ಪೇಟೆಂಟ್ ಪಡೆದ, ಕೊಕ್ಕೆಯಂತೆ ಬಾಗಿದ ಚಪ್ಪಟೆ ಲೋಹದ ನಳಿಗೆ ಅದು. ಒಳಗೆ ಒತ್ತಡ ಹೆಚ್ಚಿದಂತೆ ಬಾಗು ಬಿಚ್ಚಿಕೊಳ್ಳುತ್ತದೆ, ತುದಿಗೆ ಕಟ್ಟಿದ ಮುಳ್ಳು ತಿರುಗುತ್ತದೆ. ನಮ್ಮೂರ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಅಳೆಯುವ ದುಂಡು ಮೀಟರಿನ ಹೊಟ್ಟೆಯಲ್ಲೂ ಇರುವುದು ಸಾಮಾನ್ಯವಾಗಿ ಇದೇ ನಳಿಗೆ.

ಈ ಏರ್ಪಾಟಿಗೊಂದು ಹುಟ್ಟು ದೋಷವಿದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಮೈಲಿ ಓಡುವಾಗ ಚದರ ಇಂಚಿಗೆ ಸುಮಾರು 13 ಪೌಂಡ್ ಒತ್ತಡ ಸಿಕ್ಕರೆ, 15 ಮೈಲಿಗೆ ಸಿಗುವುದು ಬರೀ 3 ಚಿಲ್ಲರೆ. ಅದಕ್ಕಿಂತ ನಿಧಾನವಾದರೆ ಮುಳ್ಳನ್ನು ಎಬ್ಬಿಸಲು ಬೇಕಾದ ಕಸುವೇ ಇರುವುದಿಲ್ಲ. ರಂಧ್ರಕ್ಕೆ ಪಾಚಿ ಸಿಕ್ಕರೆ, ಕೊಳವೆ ಎಲ್ಲೋ ಮಡಿಚಿಕೊಂಡರೆ, ಉಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ನಳಿಗೆಯನ್ನು ಹಿಗ್ಗಿಸಿಬಿಟ್ಟರೆ ಮುಳ್ಳು ಸೊನ್ನೆಗೆ ಮರಳುವುದಿಲ್ಲ. ನಿಂತಲ್ಲೇ 10 ಮೈಲಿ ಓಡುವ ದೋಣಿಯ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಡ್ಯಾಶ್‌ಬೋರ್ಡ್ ಬದಲಿಸುವವರು ಈಗ ಇಲ್ಲಿ ಜಿಪಿಎಸ್ ಸ್ಪೀಡೋಮೀಟರ್ ಕೂರಿಸುತ್ತಾರೆ. ಕೊಳವೆ ಬೇಡ, ಆಕಾಶ ಕಂಡರೆ ಸಾಕು. ಆದರೆ ಎರಡೂ ಅಳೆಯುವುದು ಒಂದನ್ನೇ ಅಲ್ಲ. ಹ್ಯೂರನ್ ಸರೋವರದ ನೀರನ್ನು ದಕ್ಷಿಣಕ್ಕೆ ಒಯ್ಯುವ ಸೇಂಟ್ ಕ್ಲೇರ್ ನದಿಯಲ್ಲಿ, ಪ್ರವಾಹ ಗಂಟೆಗೆ 3 ಮೈಲಿ ಇರುವ ಕಡೆ, ದೋಣಿ ಹೊಳೆಗೆ ಎದುರಾಗಿ ಸಾಗುತ್ತಿದೆ ಎನ್ನೋಣ. ಪಿಟೋ ಕೊಳವೆ 20 ಎಂದರೆ ಜಿಪಿಎಸ್ 17 ಎನ್ನುತ್ತದೆ. ಕೊಳವೆ ಹೇಳುವುದು ನೀರನ್ನು ಸೀಳುವ ವೇಗ, ಉಪಗ್ರಹ ಹೇಳುವುದು ದಡ ಹಿಂದೆ ಸರಿಯುವ ವೇಗ. ಊಟದ ಹೊತ್ತಿಗೆ ಮನೆ ತಲುಪುವ ಲೆಕ್ಕ ಹಾಕುವವನಿಗೆ ಬೇಕಾದದ್ದು ಎರಡನೆಯದು.

ಬರಿದಾದ ಟ್ಯಾಂಕು ತುಂಬಿದೆ ಎಂದಾಗ

ಇಂಧನದ ಗೇಜಿನದು ಇನ್ನೂ ಗೂಢ. ಅದು ಟ್ಯಾಂಕನ್ನು ಎಂದೂ ನೋಡಿಲ್ಲ. ಟ್ಯಾಂಕಿನೊಳಗೆ ತೇಲುವ ಒಂದು ಬೆಂಡು, ಅದಕ್ಕೊಂದು ಕೈ, ಆ ಕೈ ಸವರುವ ರೋಧಕ ತಂತಿಯ ಸುರುಳಿ. ಇಷ್ಟನ್ನೂ ಸೇರಿಸಿ ಸೆಂಡರ್ ಎನ್ನುತ್ತಾರೆ. ಪೆಟ್ರೋಲ್ ಏರಿಳಿದಂತೆ ರೋಧ ಏರಿಳಿಯುತ್ತದೆ. ಡ್ಯಾಶ್‌ಬೋರ್ಡಿನ ಗೇಜು ಅಳೆಯುವುದು ಆ ರೋಧವನ್ನು ಮಾತ್ರ.

ಗೊಂದಲ ಹುಟ್ಟುವುದು ಇಲ್ಲಿಯೇ. ಅಮೆರಿಕದ ರೂಢಿಯಲ್ಲಿ ಟ್ಯಾಂಕು ಬರಿದಾದಾಗ ಸೆಂಡರಿನ ರೋಧ 240 ಓಮ್, ತುಂಬಿದಾಗ 33 ಓಮ್. ಯುರೋಪಿನ ರೂಢಿ ಇದಕ್ಕೆ ತಿರುವುಮುರುವು: ಬರಿದಾದರೆ ಸುಮಾರು 10, ತುಂಬಿದರೆ 180. ಎರಡೂ ಗೇಜುಗಳು ಒಂದೇ ಅಳತೆಯ ರಂಧ್ರಕ್ಕೆ ಕೂರುತ್ತವೆ, ಎರಡಕ್ಕೂ ಅವೇ ಮೂರು ಕೊನೆಗಳು, ನೋಡಲು ಅಣ್ಣತಮ್ಮಂದಿರು. ಅಂದ ನೋಡಿ ಕೊಂಡ ಯುರೋಪಿನ ಗೇಜನ್ನು ಅಮೆರಿಕದ ಟ್ಯಾಂಕಿಗೆ ಜೋಡಿಸಿದರೆ, ತುಂಬಿದ ಟ್ಯಾಂಕಿನ 33 ಓಮನ್ನು ಅದು ಬರಿದಾಗುತ್ತಿದೆ ಎಂದು ಓದುತ್ತದೆ. ಅದು ಬರೀ ಕಿರಿಕಿರಿ. ಕೊನೆಯ ಹನಿ ಮುಗಿಯುವ ಹೊತ್ತಿಗೆ 240 ಓಮ್ ಬಂದಾಗ ಮುಳ್ಳು ‘ಪೂರ್ಣ’ವನ್ನೂ ದಾಟಿ ನಿಲ್ಲುತ್ತದೆ. ದಡದಿಂದ ಹತ್ತು ಮೈಲಿ ದೂರದಲ್ಲಿರುವವನಿಗೆ ಇದು ಕಿರಿಕಿರಿಯಾಗಿ ಉಳಿಯುವುದಿಲ್ಲ.

ಯಾರು ಸುಳ್ಳು ಹೇಳುತ್ತಿದ್ದಾರೆಂದು ಪತ್ತೆ ಹಚ್ಚಲು ದೋಣಿ ಮೆಕ್ಯಾನಿಕ್ಕುಗಳಿಗೆ ಒಂದು ನಿಮಿಷ ಸಾಕು. ಗೇಜಿನ ಬೆನ್ನಿನ ಮೂರು ಕೊನೆಗಳಲ್ಲಿ ಒಂದು ಕೀಲಿಯಿಂದ ಬರುವ ವಿದ್ಯುತ್ತಿನದು, ಒಂದು ಆ ವಿದ್ಯುತ್ತು ಬ್ಯಾಟರಿಗೆ ಮರಳುವ ಗ್ರೌಂಡಿನದು, ಒಂದು ಸೆಂಡರಿನದು. ಕೀಲಿ ತಿರುಗಿಸಿ ಸೆಂಡರಿನ ತಂತಿಯನ್ನು ಕಳಚಿದರೆ ಅಮೆರಿಕದ ಗೇಜು ‘ಖಾಲಿ’ಗೆ ಬೀಳಬೇಕು. ಆ ಕೊನೆಯನ್ನು ಗ್ರೌಂಡಿಗೆ ಮುಟ್ಟಿಸಿದರೆ ‘ಪೂರ್ಣ’ದಾಚೆ ಹೋಗಬೇಕು. ಎರಡೂ ಸರಿಯಾಗಿ ಆದರೆ ಗೇಜಿನದು ತಪ್ಪಿಲ್ಲ. ತಪ್ಪು ತಂತಿಯದು ಅಥವಾ ಟ್ಯಾಂಕಿನೊಳಗಿನ ಸೆಂಡರಿನದು. ಮಲ್ಟಿಮೀಟರ್ ಇದ್ದರೆ ಸೆಂಡರಿನ ರೋಧವನ್ನೇ ನೇರ ಅಳೆಯಬಹುದು. ಈ ಪರೀಕ್ಷೆ ಮಾಡದೆ ಹೊಸ ಗೇಜು ತಂದವರ ಹೊಚ್ಚ ಹೊಸ ಮುಳ್ಳೂ ಹಳೆಯದರ ಹಾಗೇ ಅರ್ಧಕ್ಕೆ ನಿಲ್ಲುತ್ತದೆ.

ಟ್ಯಾಕೋಮೀಟರಿನ ಕಷ್ಟವೇ ಬೇರೆ. ಅದು ವಿದ್ಯುತ್ ಮಿಡಿತ ಎಣಿಸುತ್ತದೆ. ಒಳಗೆ ಕೂತ ಪೆಟ್ರೋಲ್ ಎಂಜಿನ್ನಾದರೆ ಇಗ್ನಿಷನ್ ಕಾಯಿಲ್‌ನಿಂದ, ಹಿಂದೆ ನೇತುಹಾಕಿದ ಔಟ್‌ಬೋರ್ಡ್ ಆದರೆ ಅದರ ಆಲ್ಟರ್ನೇಟರಿನಿಂದ. ಒಂದು ಸುತ್ತಿಗೆ ಎಷ್ಟು ಮಿಡಿತ ಎಂದು ಗೇಜಿಗೆ ತಿಳಿಸಲು ಬೆನ್ನಿನಲ್ಲೊಂದು ಪುಟ್ಟ ತಿರುಗುಣಿ ಇರುತ್ತದೆ. ಎಂಟು ಸಿಲಿಂಡರಿನ ಎಂಜಿನ್ನಿಗೆ ನಾಲ್ಕು ಸಿಲಿಂಡರಿನ ಗುರುತಿಗೆ ತಿರುಗಿಸಿಟ್ಟರೆ 2,000 ಸುತ್ತು ಡ್ಯಾಶ್‌ಬೋರ್ಡಿನಲ್ಲಿ 4,000 ಆಗಿ ಕಾಣುತ್ತದೆ. ಗುದ್ದಿದರೆ ಏಳುವ ಟ್ಯಾಕೋಮೀಟರಿನಲ್ಲಿ ಎಷ್ಟೋ ಸಲ ಕೆಟ್ಟಿರುವುದು ಆ ತಿರುಗುಣಿಯ ಕಿಲುಬು ಹಿಡಿದ ತುದಿ ಮಾತ್ರ. ಬ್ಯಾಟರಿ ಕಳಚಿ, ಅದನ್ನು ಸ್ಕ್ರೂಡ್ರೈವರಿನಿಂದ ಹತ್ತಿಪ್ಪತ್ತು ಸಲ ಅತ್ತಿತ್ತ ತಿರುಗಿಸಿ ಬಿಟ್ಟರೆ ಕಸದ ಬುಟ್ಟಿಗೆ ಹೊರಟಿದ್ದ ಗೇಜು ಇನ್ನೂ ಕೆಲವು ಬೇಸಿಗೆ ದುಡಿಯುವುದುಂಟು.

ಹಳೆಯ ಫಲಕದಲ್ಲಿ ಮರಳಿ ಕೂರಿಸಬಾರದ ಗೇಜೂ ಒಂದಿರಬಹುದು, ಆಮ್‌ಮೀಟರ್. 1970ರ ದಶಕದ ದೋಣಿಗಳಲ್ಲಿ ಇದು ಸಾಮಾನ್ಯವಾಗಿತ್ತು. ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಅಳೆಯಲು ಆ ವಿದ್ಯುತ್ತೆಲ್ಲ ಹಿಂದಿನ ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿಗೆ ಬಂದು, ಗೇಜಿನ ಮೂಲಕ ಹಾದು, ಮತ್ತೆ ಹಿಂದಕ್ಕೆ ಹೋಗಬೇಕು. ಸವೆದ ತಂತಿ, ಸಡಿಲ ನಟ್ಟು, ಅದರ ಮೂಲಕ ಭಾರಿ ವಿದ್ಯುತ್ತು ಎಂದರೆ ಚುಕ್ಕಾಣಿಯ ಹಿಂದೆ ಒಲೆ ಇಟ್ಟುಕೊಂಡಂತೆ. ಈಗ ಆ ಜಾಗಕ್ಕೆ ವೋಲ್ಟ್‌ಮೀಟರ್ ಬರುತ್ತದೆ. ಅದಕ್ಕೆ ಸಣ್ಣ ತಂತಿ ಸಾಕು. ಎಂಜಿನ್ ನಿಂತಾಗ ತುಂಬಿದ ಬ್ಯಾಟರಿ 12.6ರ ಆಸುಪಾಸು, ಓಡುವಾಗ 14ರ ಆಸುಪಾಸು ತೋರಿಸಿದರೆ ಮನೆ ಸುಖವಾಗಿದೆ.

ಕಾಮನಬಿಲ್ಲಿನ ಗಂಟು

ಇಷ್ಟೆಲ್ಲ ತಿಳಿದುಕೊಂಡು ಫಲಕದ ಹಿಂದೆ ಕೈ ಹಾಕಿದರೆ ಮೂವತ್ತೈದು ವರ್ಷದ ಚರಿತ್ರೆ ಬೆರಳಿಗೆ ಸಿಗುತ್ತದೆ. ಕಾರ್ಖಾನೆಯವರು ಬಣ್ಣ ಬಣ್ಣದ ತಂತಿಯನ್ನು ಓರಣವಾಗಿ ಕಟ್ಟಿ ಕಳಿಸಿದ್ದರು. ಆಮೇಲೆ ಬಂದ ಮಾಲೀಕರಲ್ಲಿ ಒಬ್ಬ ಮೀನು ಹುಡುಕುವ ಯಂತ್ರ ಹಾಕಿಸಿದ, ಇನ್ನೊಬ್ಬ ಹಾಡು ಕೇಳಲು ಸ್ಟೀರಿಯೊ ಕೂರಿಸಿದ, ಮತ್ತೊಬ್ಬ ಯಾವುದೋ ದೀಪಕ್ಕೆ ಮನೆಯ ವೈರಿಂಗಿನ ತಂತಿಯನ್ನೇ ಎಳೆದ. ತೆಗೆದುಹಾಕಿದ ಯಂತ್ರಗಳ ತಂತಿ ಮೊಂಡಾಗಿ ಹಾಗೇ ನೇತಾಡುತ್ತದೆ. ಒಂದರಲ್ಲಿ ಈಗಲೂ ವಿದ್ಯುತ್ತು ಹರಿಯುತ್ತಿರುತ್ತದೆ, ಯಾಕೆ ಎಂದು ಹೇಳುವವರಿಲ್ಲ.

ಅಮೆರಿಕದಲ್ಲಿ ದೋಣಿ ಕಟ್ಟುವ ಕ್ರಮಗಳನ್ನು ಬರೆದಿಡುವ ಸಂಸ್ಥೆ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್. 1954ರಲ್ಲಿ ಶುರುವಾದ ಇದರ ‘ಇ-11’ ಎಂಬ ಕ್ರಮಾವಳಿ ದೋಣಿ ಎಲೆಕ್ಟ್ರಿಷಿಯನ್ನರ ಪಂಚಾಂಗ. ತಂತಿ ಬಹು ಎಳೆಗಳ ತಾಮ್ರದ್ದಾಗಿರಬೇಕು. ಒಂಟಿ ಎಳೆಯ ಗಟ್ಟಿ ತಂತಿ ಅದುರಿ ಅದುರಿ ತುಂಡಾಗುತ್ತದೆ. ಪ್ರತಿ ಎಳೆಗೂ ತವರದ ಲೇಪವಿದ್ದರೆ ಕಿಲುಬು ಹತ್ತಿರ ಬರುವುದಿಲ್ಲ. ಕೊನೆಗಳನ್ನು ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಬೇಕು, ಬರೀ ಬೆಸುಗೆಯ ಮೇಲೆ ಭಾರ ಹಾಕಬಾರದು. ಬೆಸುಗೆ ಹರಿದ ಎಳೆಗಳು ಕಡ್ಡಿಯಂತೆ ಬಿರುಸಾಗಿ, ಅದು ಮುಗಿಯುವ ಗಡಿಯಲ್ಲೇ ಮುರಿಯುತ್ತವೆ ಎಂಬುದು ಅನುಭವ. ದಾರಿದೀಪ, ಗಾಳಿ ಹೊರಹಾಕುವ ಫ್ಯಾನಿನಂಥ ಮುಖ್ಯ ಸಂಪರ್ಕಗಳಲ್ಲಿ ದಾರಿಯುದ್ದಕ್ಕೂ ಸೋರಿಹೋಗುವ ವೋಲ್ಟೇಜು ನೂರಕ್ಕೆ 3ನ್ನು ಮೀರಬಾರದು. 12 ವೋಲ್ಟಿನ ದೋಣಿಯಲ್ಲಿ ಅದು ಅರ್ಧ ವೋಲ್ಟೂ ಅಲ್ಲ, 0.36.

ಹಳೆಯ ಡ್ಯಾಶ್‌ಬೋರ್ಡಿನ ಅತಿ ದೊಡ್ಡ ಖಳನಾಯಕ ಕಪ್ಪು ತಂತಿ. ಗೇಜಿನಿಂದ ಗೇಜಿಗೆ ಹೂಮಾಲೆಯಂತೆ ಪೋಣಿಸಿಕೊಂಡು ಹೋಗುವ ಗ್ರೌಂಡ್ ಅದು. ಅದರಲ್ಲಿ ಒಂದು ನಟ್ಟು ಸಡಿಲವಾದರೆ ಮುಂದಿನ ಎಲ್ಲ ಗೇಜುಗಳ ಮತಿ ಕೆಡುತ್ತದೆ. ದಾರಿದೀಪ ಹಾಕಿದೊಡನೆ ಎಂಜಿನ್ನಿನ ಬಿಸಿ ಏರಿದಂತೆ ಕಂಡರೆ, ಗಾಳಿ ಫ್ಯಾನು ತಿರುಗಿದೊಡನೆ ಪೆಟ್ರೋಲ್ ಹೆಚ್ಚಾದಂತೆ ಕಂಡರೆ ಬಲ್ಲವರು ಗೇಜು ಬಿಚ್ಚುವುದಿಲ್ಲ. ಕಪ್ಪು ತಂತಿಯ ಬೆನ್ನು ಹಿಡಿದು ಹೊರಡುತ್ತಾರೆ. ಒಂದು ಗೇಜು ಮಾತ್ರ ಹುಚ್ಚಾಡಿದರೆ ಸೆಂಡರನ್ನು ಅನುಮಾನಿಸು, ಎಲ್ಲವೂ ಒಟ್ಟಿಗೆ ಹುಚ್ಚಾಡಿದರೆ ಗ್ರೌಂಡನ್ನು ಅನುಮಾನಿಸು ಎಂಬುದು ಈ ಕಸುಬಿನವರ ಮೊದಲ ಪಾಠ.

ಎರಡನೆಯ ಪಾಠ ಬೆಂಕಿಯದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನ ಕೆಳಗೆ ಸೋರಿದ ಆವಿ ರಸ್ತೆಗೆ ಹರಿದುಹೋಗುತ್ತದೆ. ದೋಣಿಯಲ್ಲಿ ಅದು ತಳಕ್ಕಿಳಿದು ಬಟ್ಟಲಿನಲ್ಲಿ ನೀರು ನಿಂತಂತೆ ನಿಲ್ಲುತ್ತದೆ. ಅದಕ್ಕೇ ಪೆಟ್ರೋಲ್ ಎಂಜಿನ್ ಒಳಗಿರುವ ದೋಣಿಗಳಲ್ಲಿ ಎಂಜಿನ್ ಚಾಲೂ ಮಾಡುವ ಮೊದಲು 4 ನಿಮಿಷ ಫ್ಯಾನು ಓಡಿಸಿರಿ ಎಂಬ ಎಚ್ಚರಿಕೆಯ ಚೀಟಿ ಸ್ವಿಚ್ಚಿನ ಪಕ್ಕದಲ್ಲಿರಬೇಕು. ಎಂಜಿನ್ ಕೋಣೆಯಲ್ಲಿ ಕೂರುವ ಪ್ರತಿ ವಿದ್ಯುತ್ ಭಾಗವೂ ಕಿಡಿ ಹೊರಗೆ ಹಾರದಂತೆ ಮಾಡಿದ್ದಾಗಿರಬೇಕು. ಅಗ್ಗ ಸಿಗುತ್ತದೆಂದು ಕಾರಿನ ಆಲ್ಟರ್ನೇಟರ್ ತಂದು ಹಾಕುವುದು ಇಲ್ಲಿ ಉಳಿತಾಯವಲ್ಲ. ಹೊಸ ಫಲಕ ಮಾಡಿಸುವವರು ಹಳೆಯ ಎಚ್ಚರಿಕೆ ಚೀಟಿಯನ್ನು ಕಸಕ್ಕೆ ಎಸೆದು ಮರೆತುಬಿಡುವುದುಂಟು.

ಫಲಕ ಬಿಚ್ಚಿದ ಹೊತ್ತಿನಲ್ಲೇ ಹಲವರು ಇನ್ನೊಂದು ಕೆಲಸ ಮಾಡಿ ಮುಗಿಸುತ್ತಾರೆ: ಚಾಲಕನ ಸೊಂಟಕ್ಕೋ ಕೈಗೋ ಕಟ್ಟಿದ ಹುರಿ ಕಿತ್ತೊಡನೆ ಎಂಜಿನ್ ನಿಲ್ಲಿಸುವ ಸ್ವಿಚ್ಚು. 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಈ ಸ್ವಿಚ್ಚು ಇದ್ದರೆ ಅದನ್ನು ಬಳಸಲೇಬೇಕು ಎಂಬ ಕಾನೂನು ಅಮೆರಿಕದಲ್ಲಿ 2021ರ ಏಪ್ರಿಲ್ 1ರಂದು ಜಾರಿಗೆ ಬಂತು. ಸ್ವಿಚ್ಚೇ ಇಲ್ಲದ ಹಳೆಯ ದೋಣಿಗೆ ಆ ಕಟ್ಟಳೆ ತಾಗುವುದಿಲ್ಲ. ಚಾಲಕ ನೀರಿಗೆ ಬಿದ್ದ ಮೇಲೂ ಓಡುತ್ತಲೇ ಇರುವ ದೋಣಿ ವೃತ್ತ ಹೊಡೆಯುತ್ತ ಅವನ ಕಡೆಗೇ ಬರಬಹುದು ಎಂಬುದನ್ನು ಬಲ್ಲವರು ಕಟ್ಟಳೆಗೆ ಕಾಯುವುದಿಲ್ಲ.

ತಂತಿಯ ಬಣ್ಣ, ತಂತಿಯ ಮಾತು

ಅಮೆರಿಕದ ದೋಣಿಗಳಲ್ಲಿ ಬಣ್ಣ ನೋಡಿದರೆ ತಂತಿಯ ಕೆಲಸ ತಿಳಿಯುತ್ತದೆ, ನಡುವೆ ಯಾರೂ ಕೈಯಾಡಿಸದಿದ್ದರೆ.
ನೇರಳೆ: ಕೀಲಿ ತಿರುಗಿಸಿದಾಗ ಗೇಜುಗಳಿಗೆ ಬರುವ ವಿದ್ಯುತ್ತು.
ಗುಲಾಬಿ: ಇಂಧನದ ಸೆಂಡರ್.
ತಿಳಿ ನೀಲಿ: ಎಂಜಿನ್ ಆಯಿಲ್ ಒತ್ತಡ.
ಕಂದು ಛಾಯೆಯ ಮರಳು ಬಣ್ಣ: ಎಂಜಿನ್ನಿನ ಬಿಸಿ.
ಬೂದು: ಟ್ಯಾಕೋಮೀಟರ್. ದಾರಿದೀಪಗಳಿಗೂ ಇದೇ ಬಣ್ಣ.
ಕಡು ನೀಲಿ: ಗೇಜುಗಳ ದೀಪ.
ಹಳದಿಯ ಮೇಲೆ ಕೆಂಪು ಪಟ್ಟೆ: ಎಂಜಿನ್ ಚಾಲೂ ಮಾಡುವ ಸಂಪರ್ಕ.
ಕಪ್ಪು ಅಥವಾ ಹಳದಿ: ಗ್ರೌಂಡ್. ದಡದಿಂದ ಬರುವ ಮನೆ ವಿದ್ಯುತ್ತಿನಲ್ಲಿ ಕಪ್ಪು ತಂತಿಯೇ ಜೀವಂತ ತಂತಿಯಾದ್ದರಿಂದ, ಎರಡನ್ನೂ ಒಂದೆಂದು ತಿಳಿದು ಮುಟ್ಟದಿರಲೆಂದು ಹಳದಿಗೆ ಒಲವು.

ರಟ್ಟಿನ ಫಲಕದಲ್ಲಿ ತಪ್ಪು ಅಗ್ಗ

ತಂತಿಗಳಿಗೆಲ್ಲ ಚೀಟಿ ಕಟ್ಟಿ, ಫೋಟೊ ತೆಗೆದು, ನಕ್ಷೆ ಬರೆದಿಟ್ಟ ಮೇಲಷ್ಟೇ ಫಲಕದ ಸರದಿ. ಹಳೆಯ ಪ್ಲೈವುಡ್ಡಿನ ಬದಲು ಕೆಲವರು ಅಕ್ರಿಲಿಕ್ ಹಾಳೆ ಆರಿಸುತ್ತಾರೆ. ಕನ್ನಡಿಯಂತೆ ಹೊಳೆಯುತ್ತದೆ, ಆದರೆ ರಂಧ್ರ ಕೊರೆಯುವಾಗ ಆತುರಪಟ್ಟರೆ ಅಂಚಿನಿಂದ ಬಿರುಕು ಓಡುತ್ತದೆ, ಹೊಳಪು ಬಿಸಿಲನ್ನು ಕಣ್ಣಿಗೇ ತಿರುಗಿಸುತ್ತದೆ. ದೋಣಿಗೆಂದೇ ಬರುವ ದಪ್ಪ ಪಾಲಿಥಿಲೀನ್ ಹಲಗೆ ಕೊಳೆಯುವುದಿಲ್ಲ, ಗರಗಸಕ್ಕೆ ಬೆಣ್ಣೆಯಂತೆ ಬಗ್ಗುತ್ತದೆ. ಅದಕ್ಕೆ ಯಾವ ಅಂಟೂ ನೆಟ್ಟಗೆ ಹಿಡಿಯುವುದಿಲ್ಲ, ಎಲ್ಲಕ್ಕೂ ಸ್ಕ್ರೂ ಬೇಕು. ಅಲ್ಯೂಮಿನಿಯಂ ತೆಳ್ಳಗೆ, ಗಟ್ಟಿ. ಅದು ವಿದ್ಯುತ್ತು ಹರಿಸುವ ಲೋಹವಾದ್ದರಿಂದ ಹಿಂದೆ ಒಂದು ಬರಿ ತಂತಿ ತಗುಲಿದರೂ ಕಿಡಿ.

ಅಳತೆಯಲ್ಲಿ ಮಾತ್ರ ಜಗತ್ತು ಬಹುಮಟ್ಟಿಗೆ ಒಮ್ಮತಕ್ಕೆ ಬಂದಿದೆ. ಚಿಕ್ಕ ಗೇಜಿಗೆ 52 ಮಿಲಿಮೀಟರ್, ಟ್ಯಾಕೋಮೀಟರ್ ಸ್ಪೀಡೋಮೀಟರುಗಳಿಗೆ 85ರ ಆಸುಪಾಸಿನ ರಂಧ್ರ. ಆದರೂ ಅನುಭವಿಗಳು ನೇರ ಹಲಗೆಗೆ ಗರಗಸ ಇಡುವುದಿಲ್ಲ. ರಟ್ಟಿನಲ್ಲಿ ಒಂದು ಫಲಕ ಕತ್ತರಿಸಿ, ಗೇಜುಗಳನ್ನು ತುರುಕಿ, ಚುಕ್ಕಾಣಿಯ ಮುಂದೆ ಕೂತು ನೋಡುತ್ತಾರೆ. ಚಕ್ರದ ಕಡ್ಡಿ ಟ್ಯಾಕೋಮೀಟರಿಗೆ ಅಡ್ಡ ಬರುತ್ತದೆಯೇ? ನಿಂತು ಓಡಿಸುವಾಗ ಕಾಣುತ್ತದೆಯೇ? ಹಿಂದೆ ಚುಕ್ಕಾಣಿಯ ದಪ್ಪ ಕೇಬಲ್ಲು ಇರುವ ಕಡೆಯೇ ಗೇಜಿನ ಬೆನ್ನು ಬರುತ್ತದೆಯೇ? ರಟ್ಟಿನಲ್ಲಾದ ತಪ್ಪಿಗೆ ಖರ್ಚಿಲ್ಲ.

ದೀಪದ ವಿಚಾರವೂ ಈ ಹಂತದಲ್ಲೇ ತೀರ್ಮಾನವಾಗುತ್ತದೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಲು ಅರ್ಧ ಗಂಟೆಯಷ್ಟು ಬೇಕು. ಒಂದು ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಗುವುದಿಲ್ಲ. ಇರುಳಲ್ಲಿ ದೋಣಿ ನಡೆಸುವವರು ಮಂದವಾದ ಕೆಂಪು ದೀಪದ ಗೇಜು ಕೇಳುವುದು ಚೆಂದಕ್ಕಲ್ಲ.

ಮುಳ್ಳೋ ಪರದೆಯೋ

ಸೇಂಟ್ ಕ್ಲೇರ್ ನದಿಯ ದಡದಲ್ಲಿ ಆಲ್ಗೊನಾಕ್ ಎಂಬ ಸಣ್ಣ ಊರಿದೆ. ಕ್ರಿಸ್ಟೊಫರ್ ಕೊಲಂಬಸ್ ಸ್ಮಿತ್ ಕ್ರಿಸ್-ಕ್ರಾಫ್ಟ್ ದೋಣಿಗಳನ್ನು ಕಟ್ಟಲು ತೊಡಗಿದ್ದು ಅಲ್ಲಿ. ಆ ಮಹೋಗನಿ ಮರದ ದೋಣಿಗಳನ್ನು ಉಳಿಸಿಕೊಂಡವರ ಗ್ಯಾರೇಜಿನಲ್ಲಿ ‘ಬದಲಿಸು’ ಎಂಬ ಮಾತಿಗೆ ಬೇರೆಯೇ ಅರ್ಥ. 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನಲ್ಲಿ ಹುಟ್ಟಿದ ಪುರಾತನ ದೋಣಿಗಳ ಸಂಘದ ಪ್ರದರ್ಶನಗಳಲ್ಲಿ ತೀರ್ಪುಗಾರರು ದೋಣಿ ಕಾರ್ಖಾನೆಯಿಂದ ಹೊರಬಂದ ರೂಪದಲ್ಲೇ ಇದೆಯೇ ಎಂದು ನೋಡುತ್ತಾರೆ. ಅಲ್ಲಿಗೆ ಹೊಸ ಗೇಜು ಹಾಕಿಕೊಂಡು ಹೋದರೆ ಅಂಕ ಕೈಬಿಡುತ್ತದೆ. ಹಳೆಯ ಗೇಜುಗಳನ್ನು ಅದೇ ಕೆಲಸ ಮಾಡುವ ಕುಶಲಕರ್ಮಿಗಳಿಗೆ ಕಳಿಸಿ, ಒಳಗಿನ ಯಂತ್ರ ಸರಿಪಡಿಸಿ, ಮುಖಕ್ಕೆ ಹಳೆಯ ಅಕ್ಷರವಿನ್ಯಾಸದಲ್ಲೇ ಬಣ್ಣ ಬರೆಸಿ, ಸುತ್ತಿನ ಬಳೆಗೆ ಕ್ರೋಮ್ ಲೇಪ ಹಾಕಿಸಿ ತರುತ್ತಾರೆ. ಹೊಸ ಗೇಜಿನ ಹಲವು ಪಟ್ಟು ಹಣ ಅದಕ್ಕೆ ಹೋಗುತ್ತದೆ.

ಇನ್ನೊಂದು ತುದಿಯಲ್ಲಿ ಮುಳ್ಳನ್ನೇ ಬಿಟ್ಟವರಿದ್ದಾರೆ. ಆರು ಗೇಜಿನ ಜಾಗದಲ್ಲಿ ಒಂದು ಪರದೆ, ಅದರಲ್ಲೇ ನಕ್ಷೆ, ಆಳ, ಮೀನು, ಎಂಜಿನ್ನಿನ ಸಮಾಚಾರ. ಇದಕ್ಕೆ ತಳಹದಿ ಎನ್‌ಎಂಇಎ 2000 ಎಂಬ ಸಂಪರ್ಕ ಕ್ರಮ. ಎನ್‌ಎಂಇಎ ಎಂಬ ದೋಣಿ ಉಪಕರಣಗಳ ಬಳಗ 1983ರಲ್ಲಿ ತಂದಿದ್ದ 0183 ಎಂಬ ಹಳೆಯ ಕ್ರಮದಲ್ಲಿ ಒಂದು ಯಂತ್ರ ಮಾತಾಡಿದರೆ ಉಳಿದವು ಕೇಳಬೇಕಿತ್ತು. ಕಾರುಗಳಿಗಾಗಿ ಬಾಷ್ ಕಂಪನಿ ರೂಪಿಸಿದ ತಂತ್ರವನ್ನು ಆಧರಿಸಿದ ಹೊಸ ಕ್ರಮದಲ್ಲಿ ಎಲ್ಲ ಯಂತ್ರಗಳೂ ಒಂದೇ ಬೆನ್ನೆಲುಬು ತಂತಿಗೆ ಜೋತುಬಿದ್ದು, ಸರದಿ ತಪ್ಪದೆ ಮಾತಾಡುತ್ತವೆ. ಬೆನ್ನೆಲುಬಿನ ಎರಡೂ ತುದಿಗೆ 120 ಓಮಿನ ಒಂದೊಂದು ರೋಧಕವಿರಬೇಕು. ವಿದ್ಯುತ್ತು ಆರಿಸಿ ಮೀಟರ್ ಹಿಡಿದಾಗ 60 ಓಮ್ ಬಂದರೆ ಸರಿ, 120 ಬಂದರೆ ಒಂದು ತುದಿ ಕಳಚಿದೆ ಎಂದರ್ಥ.

1980ರ ದಶಕದ ಎಂಜಿನ್ನಿಗೆ ಈ ಭಾಷೆ ಬರುವುದಿಲ್ಲ. ಅದರ ಸೆಂಡರುಗಳ ಓಮುಗಳನ್ನು ಅಂಕಿಗಳಾಗಿ ಅನುವಾದಿಸುವ ಪೆಟ್ಟಿಗೆಯೊಂದನ್ನು ನಡುವೆ ಕೂರಿಸಬೇಕು. ಅನುವಾದಕನಿಗೂ ಸಿಗುವುದು ಅದೇ ಗುಲಾಬಿ ತಂತಿ, ಅದೇ ಕಪ್ಪು ತಂತಿ. ಕಿಲುಬು ಹಿಡಿದ ಗ್ರೌಂಡು ಕಳಿಸಿದ ಸುಳ್ಳನ್ನು ಪರದೆ ಎರಡು ದಶಮಾಂಶ ಸ್ಥಾನದವರೆಗೆ ನಿಖರವಾಗಿ ತೋರಿಸುತ್ತದೆ. ಪರದೆ ಆರಿದರೆ ಎಲ್ಲವೂ ಒಟ್ಟಿಗೆ ಆರುತ್ತದೆ ಎಂಬ ಅಳುಕಿರುವ ಹಲವರು ಒಂದು ರಾಜಿ ಮಾಡಿಕೊಳ್ಳುತ್ತಾರೆ: ನಕ್ಷೆಗೆ ಪರದೆ, ಎಂಜಿನ್ನಿನ ಬಿಸಿಗೆ, ಆಯಿಲ್ ಒತ್ತಡಕ್ಕೆ ಮುಳ್ಳು. ಅಂಕಿಯನ್ನು ಓದಬೇಕು, ಮುಳ್ಳು ಎಂದಿನ ಜಾಗದಲ್ಲಿಲ್ಲ ಎಂಬುದು ಓರೆಗಣ್ಣಿಗೇ ತಿಳಿಯುತ್ತದೆ ಎಂಬುದು ಅವರ ವಾದ.

ಮೇ ತಿಂಗಳ ಒಂದು ಬೆಳಿಗ್ಗೆ

ಮಂಜುಗಡ್ಡೆ ಕರಗಿ ದೋಣಿ ಮತ್ತೆ ನೀರಿಗಿಳಿಯುವ ಹೊತ್ತಿಗೆ ಡ್ಯಾಶ್‌ಬೋರ್ಡಿನ ಹಿಂದೆ ತಂತಿಗಳು ಜಡೆ ಹೆಣೆದಂತೆ ಸಾಲಾಗಿವೆ, ಪ್ರತಿಯೊಂದಕ್ಕೂ ಹೆಸರಿನ ಚೀಟಿಯಿದೆ. ಮುಳ್ಳುಗಳು ಕೀಲಿ ತಿರುಗಿಸಿದೊಡನೆ ಎದ್ದು ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಇಲ್ಲಿಗೇ ಕೆಲಸ ಮುಗಿಯಿತೆಂದು ಹೊರಡುವವರೂ ಇದ್ದಾರೆ. ಒಮ್ಮೆ ನಡುನೀರಿನಲ್ಲಿ ಪೆಟ್ರೋಲ್ ಮುಗಿಸಿಕೊಂಡವರು ಮಾತ್ರ ಇನ್ನೂ ಒಂದು ಗಂಟೆ ಕೊಡುತ್ತಾರೆ.

ದೋಣಿಯ ಟ್ಯಾಂಕು ಡಬ್ಬಿಯಂತೆ ಚೌಕವಾಗಿರುವುದು ಅಪರೂಪ. ತಳದ ಇಳಿಜಾರಿಗೆ ಹೊಂದುವಂತೆ ಅದೂ ಕೆಳಗೆ ಕಿರಿದಾಗಿ, ಮೇಲೆ ಅಗಲವಾಗಿರುತ್ತದೆ. ಎತ್ತರದಲ್ಲಿ ಅರ್ಧಕ್ಕೆ ಇಳಿದ ಪೆಟ್ರೋಲ್ ಪ್ರಮಾಣದಲ್ಲಿ ಅರ್ಧಕ್ಕಿಂತ ಎಷ್ಟೋ ಕಡಿಮೆ. ಸೆಂಡರಿನ ಬೆಂಡಿಗೆ ಗೊತ್ತಿರುವುದು ಎತ್ತರ ಒಂದೇ. ಹಾಗಾಗಿ ಓಮು ಸರಿಯಿದ್ದು, ತಂತಿ ಸರಿಯಿದ್ದು, ಗೇಜೂ ಸರಿಯಿದ್ದು ‘ಅರ್ಧ’ ಎಂಬುದು ಮಾತ್ರ ಸರಿಯಿರುವುದಿಲ್ಲ.

ಅದಕ್ಕೆ ಮಾಲೀಕ ಟ್ಯಾಂಕು ಬಹುತೇಕ ಬರಿದಾದ ದೋಣಿಯನ್ನು ಇಂಧನ ತುಂಬುವ ಕಟ್ಟೆಗೆ ಕಟ್ಟುತ್ತಾನೆ. ಐದು ಗ್ಯಾಲನ್ ಹಾಕಿಸಿ, ನಳಿಕೆ ತೆಗೆಸಿ, ಮುಚ್ಚಳ ಹಾಕಿ, ಫ್ಯಾನು ಓಡಿಸಿ, ಆಮೇಲೆ ಕೀಲಿ ತಿರುಗಿಸಿ ಮುಳ್ಳು ನೋಡುತ್ತಾನೆ. ಗೇಜಿನ ಪಕ್ಕ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ಪೆನ್ಸಿಲ್ಲಿನಿಂದ ಒಂದು ಗೆರೆ, ಗೆರೆಯ ಮುಂದೆ 5. ಮತ್ತೆ ಐದು ಗ್ಯಾಲನ್, ಮತ್ತೊಂದು ಗೆರೆ, 10. ಕೆಳಗಿನ ಗೆರೆಗಳು ದೂರ ದೂರ ಬೀಳುತ್ತವೆ, ಮೇಲೆ ಹೋದಂತೆ ಒತ್ತಾಗುತ್ತವೆ. ಕಟ್ಟೆಯಲ್ಲಿ ಹಿಂದೆ ಸಾಲು ನಿಂತ ದೋಣಿಗಳಿಂದ ಯಾರೋ ಹಾರನ್ ಒತ್ತುತ್ತಾರೆ. ಅವನು ತಿರುಗಿ ನೋಡದೆ ಕೈ ಎತ್ತಿ, ಇನ್ನೊಂದೈದು ಎಂದು ಬೆರಳು ತೋರಿಸುತ್ತಾನೆ.